ಬಾಗಿಲು ತೆರೆದ ಮನೆ

ಪೋಲೆಂಡಿನ ಹಳ್ಳಿಗೂ ಮುಂಬೈಯ ಬ್ಯಾಂಕ್ ನೌಕರನಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಹೇಳುತ್ತೇನೆ.

ಮೊನ್ನೆ ರಜೆಯ ದಿನ ಮಾರ್ಕೊವಾ ಅನ್ನುವ ಹಳ್ಳಿಯ ಬಗ್ಗೆ ಓದುತ್ತಾ ಕುಳಿತಿದ್ದೆ. ಪೋಲೆಂಡಿನ ಆಗ್ನೇಯ ಭಾಗದಲ್ಲಿ, ಜೆಶೂಫ್ ನಗರದ ಹತ್ತಿರ ಇದೆ. 14ನೇ ಶತಮಾನದಲ್ಲಿ ಜರ್ಮನ್ ವಲಸಿಗರು ಕಟ್ಟಿದ ಊರು. ತೊರೆಯ ಗುಂಟ ಮನೆಗಳು, ಹಿಂದೆ ಹೊಲಗಳು. ಜನಸಂಖ್ಯೆ ನಾಲ್ಕು ಸಾವಿರದ ಆಸುಪಾಸು.

ಈ ಊರಿನ ರೈತ ಯೂಜೆಫ್ ಉಲ್ಮಾ ಹಣ್ಣಿನ ಗಿಡ ಬೆಳೆಸುತ್ತಿದ್ದ. ಫೋಟೋ ತೆಗೆಯುವ ಹುಚ್ಚು ಬೇರೆ. ಹೆಂಡತಿ ವಿಕ್ಟೋರಿಯಾ, ಆರು ಮಕ್ಕಳು. ಆ ಮಕ್ಕಳನ್ನು ಅವನೇ ತೆಗೆದ ಫೋಟೋಗಳು ಇಂದಿಗೂ ಉಳಿದಿವೆ.

1939ರಲ್ಲಿ ಜರ್ಮನ್ ಸೇನೆ ಪೋಲೆಂಡಿಗೆ ನುಗ್ಗಿತು. 1941ರಿಂದ ಅಲ್ಲಿ ಯಹೂದಿಗಳಿಗೆ ಆಶ್ರಯ ಕೊಟ್ಟವರಿಗೂ ಮರಣದಂಡನೆ. ಅದು ಗೊತ್ತಿದ್ದೂ ಈ ದಂಪತಿ ಎಂಟು ಮಂದಿ ಯಹೂದಿಗಳನ್ನು ಮನೆಯಲ್ಲಿ ಅಡಗಿಸಿಟ್ಟರು. ಸುಳಿವು ಹೊರಗೆ ಹೋಯಿತು. 1944ರ ಮಾರ್ಚ್ 24ರ ಬೆಳಗಿನ ಜಾವ ಜರ್ಮನ್ ಪೊಲೀಸರು ಬಂದು ಆ ಎಂಟು ಮಂದಿಯನ್ನೂ, ಗಂಡ ಹೆಂಡತಿಯನ್ನೂ, ಆರೂ ಮಕ್ಕಳನ್ನೂ ಗುಂಡಿಟ್ಟು ಕೊಂದರು. ವಿಕ್ಟೋರಿಯಾ ತುಂಬು ಗರ್ಭಿಣಿ. ಹಿರಿಯ ಮಗಳಿಗೆ ಇನ್ನೂ ಎಂಟು ತುಂಬಿರಲಿಲ್ಲ.

ಇಷ್ಟಾದ ಮೇಲೂ ಊರಿನ ಬೇರೆ ಮನೆಗಳವರು ತಾವು ಅಡಗಿಸಿಟ್ಟವರನ್ನು ಹೊರಗೆ ಹಾಕಲಿಲ್ಲ. ಇಪ್ಪತ್ತರಷ್ಟು ಯಹೂದಿಗಳು ಹೀಗೆ ಬದುಕಿ ಉಳಿದರು. ಅಡಗಿದವರನ್ನು 1942ರಲ್ಲಿ ಹುಡುಕಿ ಹಿಡಿದುಕೊಟ್ಟವರೂ ಅದೇ ಊರಿನಲ್ಲಿದ್ದರು. 2016ರಲ್ಲಿ ಅಲ್ಲಿ ಉಲ್ಮಾ ಕುಟುಂಬದ ಹೆಸರಿನ ಮ್ಯೂಸಿಯಂ ಆಯಿತು.

ಇನ್ನು ನನ್ನ ಸಂಬಂಧ. 1993ರ ಜನವರಿ, ಮುಂಬೈ ಗಲಭೆಯ ದಿನಗಳು. ಬ್ಯಾಂಕಿಗೆ ಸೇರಿದ ಹೊಸತು, ಚಾಳಿನ ಒಂದು ಖೋಲಿಯಲ್ಲಿ ಒಬ್ಬನೇ ಇದ್ದೆ. ಒಂದು ರಾತ್ರಿ ಕೆಳಗಿನ ಮಹಡಿಯ ದರ್ಜಿ ಚಾಚಾ ಬಂದು ಬಾಗಿಲು ತಟ್ಟಿದರು. ಹೆಸರು ಹಿಡಿದು ಮೆಲ್ಲಗೆ ಕರೆದರು. ನಾನು ದೀಪ ಆರಿಸಿ ಉಸಿರು ಬಿಗಿಹಿಡಿದು ಕುಳಿತೆ. ಪಕ್ಕದ ಖೋಲಿಯ ಮರಾಠಿ ಅಜ್ಜಿ ಬಾಗಿಲು ತೆಗೆದ ಸದ್ದು ಕೇಳಿಸಿತು. ಚಾಚಾ ಉಳಿದರು.

ಆಮೇಲೆ ನಾಲ್ಕು ವರ್ಷ ಅದೇ ಮೆಟ್ಟಿಲಲ್ಲಿ ಎದುರಾದಾಗಲೆಲ್ಲ, "ಖಾನಾ ಹೋ ಗಯಾ, ಬೇಟಾ?" ಅಂತ ಕೇಳುತ್ತಿದ್ದರು. ಆ ರಾತ್ರಿಯ ಮಾತು ಒಮ್ಮೆಯೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಉಲ್ಮಾನಂತೆ ಆರು ಮಕ್ಕಳೇನೂ ನನಗಿರಲಿಲ್ಲ. ಕಳೆದುಕೊಳ್ಳಲು ಇದ್ದದ್ದು ನನ್ನ ಜೀವ ಒಂದೇ. ಆದರೂ ಚಿಲಕಕ್ಕೆ ಕೈ ಹೋಗಲಿಲ್ಲ.

ಮೊನ್ನೆ ರಾತ್ರಿ ಇದನ್ನು ಮೊದಲ ಸಲ ಹೆಂಡತಿಗೆ ಹೇಳಿದೆ. ಇವತ್ತು ನಿಮಗೆ ಹೇಳುತ್ತಿದ್ದೇನೆ.