ನಿಟ್ಟೂರಿನ ಹಸುರು, ನಿಟ್ಟೂರಿನ ಕೆಂಪು

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ, ಘಟ್ಟದ ಅಂಚಿಗೆ ಸಮೀಪವಾಗಿ, ನಿಟ್ಟೂರೆಂಬ ಊರಿರುವುದು. ಕೊಲ್ಲೂರಿನ ಮೂಕಾಂಬಿಕೆಯ ದರ್ಶನಕ್ಕೆ ಹೋಗುವವರೂ, 1,343 ಮೀಟರು ಎತ್ತರದ ಕೊಡಚಾದ್ರಿಯನ್ನು ಹತ್ತತಕ್ಕವರೂ ಇಲ್ಲಿ ಒಂದು ಲೋಟ ಕಾಫಿ ಕುಡಿದು, ಜೀಪನ್ನು ಗೊತ್ತುಮಾಡಿಕೊಂಡು ಮುಂದಕ್ಕೆ ಸಾಗುವರು. ಊರನ್ನೇ ನೋಡಬೇಕೆಂದು ಬರುವವರು ಕಡಮೆ. ನೀರುಬಣ್ಣದ ಪೆಟ್ಟಿಗೆಯನ್ನು ಬಗಲಲ್ಲಿಟ್ಟುಕೊಂಡು ತಿರುಗುವ ಅಭ್ಯಾಸವಿದ್ದವನಿಗೆ ಮಾತ್ರ ಈ ಊರನ್ನು ದಾಟಿ ಹೋಗುವುದು ಅಷ್ಟು ಸುಲಭವಲ್ಲ. ಭಾದ್ರಪದದ ಮಳೆ ಹಿಂಜರಿಯುವ ಕಾಲದಲ್ಲಿ ನಾನು ಅಲ್ಲಿಗೆ ಹೋದವನು ಭೂಮಿ ಹುಣ್ಣಿಮೆಯವರೆಗೂ ನಿಂತೆನು.

ನಿಟ್ಟೂರಿಗೆ ಎರಡು ಕಡೆಗಳಿಂದ ಬರಬಹುದು. ನಗರದ ಕಡೆಯಿಂದ ಬರುವವರಿಗೆ ಹಾದಿಯಲ್ಲಿ ಹಳೆಯ ಬಿದನೂರಿನ ಕೋಟೆ ಸಿಕ್ಕುವುದು. 1639ರಲ್ಲಿ ಕೆಳದಿಯ ವೀರಭದ್ರ ನಾಯಕನು ಇಕ್ಕೇರಿಯಿಂದ ರಾಜಧಾನಿಯನ್ನು ತಂದುದು ಇಲ್ಲಿಗೆ. 1763ರಲ್ಲಿ ಹೈದರಾಲಿಯು ಗೆದ್ದುಕೊಂಡುದೂ ಇದನ್ನೇ. ಸಾಗರದ ಕಡೆಯಿಂದಾದರೆ ಹಸಿರುಮಕ್ಕಿಯಲ್ಲಿ ಶರಾವತಿಯ ಹಿನ್ನೀರನ್ನು ದಾಟಬೇಕು. ಬಹುಕಾಲ ಜನರನ್ನೂ ವಾಹನಗಳನ್ನೂ ದಾಟಿಸಿದುದು ಅಲ್ಲಿಯ ಲಾಂಚು. ಮಕ್ಕಿಯೆಂದರೆ ಮಳೆಯ ನೀರನ್ನೇ ನಂಬಿದ ಮೇಲುಗದ್ದೆ. ಹೆಸರಿನಲ್ಲಿಯೇ ಹಸುರನ್ನಿಟ್ಟುಕೊಂಡಿರುವ ಊರಿನ ಬದಿಯಲ್ಲಿ ಈಗ ಕಾಣತಕ್ಕದ್ದು ನೀರು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಮೇಲೆ ಎಷ್ಟೋ ಗದ್ದೆಗಳೂ ತೋಟಗಳೂ ಮನೆಗಳೂ ಇದರ ತಳಕ್ಕೆ ಹೋದುವು. ಬೇಸಿಗೆಯಲ್ಲಿ ನೀರು ಇಳಿದಾಗ ಕಾಡಿನ ಹಸುರಿಗೂ ನೀರಿನ ಬೂದಿಗೂ ನಡುವೆ ಒಂದು ಕೆಂಪು ಪಟ್ಟಿ ತೋರುವುದು. ಈ ಸೀಮೆಯ ಬಣ್ಣಗಳನ್ನು ಬಲ್ಲವನು ಆ ಪಟ್ಟಿಯನ್ನು ಸುಮ್ಮನೆ ನೋಡಲಾರನು.

ಇನ್ನು ಬಣ್ಣದ ಪೆಟ್ಟಿಗೆಯ ವಿಷಯ. ಅಂಗಡಿಯಲ್ಲಿ ಹನ್ನೆರಡು, ಹದಿನೆಂಟು, ಇಪ್ಪತ್ತನಾಲ್ಕು ಬಣ್ಣಗಳ ಪೆಟ್ಟಿಗೆಗಳು ದೊರೆಯುವುವು. ಮಕ್ಕಳಿಗೆ ಕೊಡಿಸುವ ತಂದೆತಾಯಿಗಳು ಬಣ್ಣ ಹೆಚ್ಚಿದ್ದಷ್ಟೂ ಲಾಭವೆಂದು ತಿಳಿಯುವುದು ಸಹಜ. ನನ್ನ ಅಭಿಪ್ರಾಯದಲ್ಲಿ ಮಲೆನಾಡಿಗೆ ಆರು ಬಣ್ಣಗಳು ಸಾಕು: ಒಂದು ತಿಳಿಯಾದ ಹಳದಿ, ಒಂದು ಮಣ್ಣಿನ ಹಳದಿ ಅಂದರೆ ಓಕರ್, ಒಂದು ಸುಟ್ಟ ಸಿಯೆನ್ನಾ, ಒಂದು ಮಣ್ಣುಗೆಂಪು, ಅಲ್ಟ್ರಮರೀನ್ ನೀಲಿ, ಪ್ರಷಿಯನ್ ನೀಲಿ. ಕಪ್ಪು ಬೇಡ. ಬಿಳುಪು ಬೇಡ. ಹಸುರಂತೂ ಬೇಡವೇ ಬೇಡ.

ಹಸುರಿನ ನಾಡಿಗೆ ಹೊರಟವನು ಹಸುರನ್ನೇ ಮನೆಯಲ್ಲಿ ಬಿಟ್ಟುಹೋಗುವುದೇ ಎಂದು ವಾಚಕರು ನಗಬಹುದು. ಕೊಳವೆಯಲ್ಲಿ ಬರುವ ವಿರಿಡಿಯನ್ ಮುಂತಾದ ಹಸುರುಗಳು ತಮ್ಮಷ್ಟಕ್ಕೆ ಸುಂದರವಾದವುಗಳೇ ಸರಿ. ಆದರೆ ನಿಟ್ಟೂರಿನ ಯಾವ ಎಲೆಯೂ ಆ ಬಣ್ಣದ್ದಲ್ಲ. ಅಲ್ಲಿ ಒಂದು ಹಸುರಿದ್ದರಲ್ಲವೇ ಒಂದು ಕೊಳವೆಯಿಂದ ತೀರುವುದು! ತೆನೆ ಬರುವ ಮುನ್ನಿನ ಬತ್ತದ ಗದ್ದೆ ಹಳದಿಗೆ ತಿರುಗಿದ ಹಸುರು. ಅದರಂಚಿನ ಅಡಕೆಯ ತೋಟ ನೀಲಿಗೆ ತಿರುಗಿದ ಹಸುರು. ಕಾಡು ಕಪ್ಪಿಗೆ ತಿರುಗಿದುದು. ಮನೆಯ ಮುಂದಿನ ಕಲ್ಲಿನ ಪಾಗಾರದ ಮೇಲೆ ಬೆಳೆದ ಹಾವಸೆಯಲ್ಲಿ ಕೆಳಗಿನ ಕೆಂಪು ಇಣುಕುವುದು. ಇವೆಲ್ಲವನ್ನೂ ಬೆರಸಿಯೇ ಪಡೆಯಬೇಕು.

ಬೆರಸುವ ಕ್ರಮ ಹೀಗೆ. ತಟ್ಟೆಯಲ್ಲಿ ಮೊದಲು ಹಳದಿಯನ್ನು ಧಾರಾಳವಾಗಿ ನೀರಿನಲ್ಲಿ ಕಲಸಿಕೊಂಡು, ಪ್ರಷಿಯನ್ ನೀಲಿಯನ್ನು ಕುಂಚದ ತುದಿಯಿಂದ ಮುಟ್ಟಿಸಬೇಕು. ತಿಳಿಬಣ್ಣಕ್ಕೆ ಗಾಢಬಣ್ಣವನ್ನು ಸೇರಿಸತಕ್ಕದ್ದೇ ಹೊರತು ಗಾಢಕ್ಕೆ ತಿಳಿಯನ್ನಲ್ಲ; ಯಾತಕ್ಕೆಂದರೆ ಈ ನೀಲಿಯ ಬಲ ಬಹಳ, ಒಂದು ತೊಟ್ಟು ಹೆಚ್ಚಾದರೆ ಅದನ್ನು ಸರಿಗಟ್ಟಲು ಅರ್ಧ ಕೊಳವೆ ಹಳದಿ ಹೋದೀತು. ಇಷ್ಟರಿಂದ ಗದ್ದೆಯ ಹಸುರಾಯಿತು. ನೀಲಿಯನ್ನು ಹೆಚ್ಚಿಸಿ ಸ್ವಲ್ಪ ಓಕರನ್ನು ಸೇರಿಸಿದರೆ ಅಡಕೆಯ ಸೋಗೆ. ಹಳದಿಯನ್ನು ತೀರ ಕಡಮೆಮಾಡಿ ಸುಟ್ಟ ಸಿಯೆನ್ನಾವನ್ನು ಕೂಡಿಸಿದರೆ ಕಾಡು; ಅದನ್ನೇ ನೀರು ಕಡಮೆಯಾಗಿ ಹಚ್ಚಿದರೆ ಕಾಡಿನ ಒಳಗಿನ ಕತ್ತಲೆ. ಅದಕ್ಕಾಗಿಯೇ ಕಪ್ಪು ಬೇಡವೆಂದುದು. ಅಲ್ಟ್ರಮರೀನಿಗೆ ಕೊಂಚ ಮಣ್ಣುಗೆಂಪನ್ನು ಸೇರಿಸಿ ತೆಳ್ಳಗೆ ಹರಿಸಿದರೆ ಕೊಡಚಾದ್ರಿಯ ದೂರದ ಸಾಲುಗಳಾಗುವುವು. ಅಲ್ಟ್ರಮರೀನಿನ ಕಣಗಳು ದಪ್ಪವಾದುದರಿಂದ ಕಾಗದದ ಸಣ್ಣ ಗುಳಿಗಳಲ್ಲಿ ಕೂತು, ಮಂಜು ಕವಿದ ಹಾಗೆ ತಾವಾಗಿಯೇ ಕಾಣಿಸುವುವು.

ಒಮ್ಮೆಗೆ ಮೂರು ಬಣ್ಣಗಳಿಗಿಂತ ಹೆಚ್ಚು ಬೆರಸಬಾರದು. ನೀರುಬಣ್ಣದಲ್ಲಿ ಬೆಳಕು ಬಣ್ಣದ ತೆಳುಪದರವನ್ನು ಹಾದು, ಕೆಳಗಿನ ಬಿಳಿಯ ಕಾಗದಕ್ಕೆ ತಗುಲಿ, ಮರಳಿ ಅದೇ ಪದರದ ಮೂಲಕ ಕಣ್ಣಿಗೆ ಬರುವುದು. ಒಂದೊಂದು ಬಣ್ಣವೂ ಬೆಳಕಿನ ಒಂದೊಂದು ಪಾಲನ್ನು ನುಂಗಿಕೊಳ್ಳುವುದರಿಂದ ನಾಲ್ಕೈದು ಕೂಡಿದಲ್ಲಿ ಹಿಂದಿರುಗಿ ಬರಲು ಏನೂ ಉಳಿಯುವುದಿಲ್ಲ. ಪಾತ್ರೆ ತೊಳೆದ ನೀರಿನಂತಹ ಬಣ್ಣವಾಗುವುದು.

ನೀಲಿಗಳೆರಡೂ ಹೊರಗಿನಿಂದ ಬಂದವು. ಪ್ರಷಿಯನ್ ನೀಲಿ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಅಕಸ್ಮಾತ್ತಾಗಿ ಹುಟ್ಟಿದುದು. ಅಲ್ಟ್ರಮರೀನಾದರೋ ಹಿಂದೆ ಆಫ್ಘಾನಿಸ್ತಾನದ ಲಾಜವರ್ದಿ ಕಲ್ಲನ್ನು ಅರೆದು ಮಾಡುತ್ತಿದ್ದ, ಬಂಗಾರದ ಬೆಲೆಯ ಬಣ್ಣ. 1820ರ ದಶಕದಲ್ಲಿ ಫ್ರಾನ್ಸಿನ ಗಿಮೆಯು ಅದನ್ನು ಕೃತಕವಾಗಿ ತಯಾರಿಸುವ ವಿಧಾನವನ್ನು ಕಂಡುಹಿಡಿದಮೇಲೆ ಅಗ್ಗವಾಯಿತು. ಹಿಂದೆ ನಮ್ಮ ಮನೆಗಳಲ್ಲಿ ಬಿಳಿಯ ಪಂಚೆಗೆ ಹಾಕುತ್ತಿದ್ದ ನೀಲಿಯ ಗಟ್ಟಿಯೂ ಬಹುಮಟ್ಟಿಗೆ ಇದೇ ಎಂಬುದನ್ನು ಗೃಹಿಣಿಯರು ತಿಳಿದರೆ ಸಂತೋಷಪಟ್ಟಾರು.

ಕೆಂಪು ಮಾತ್ರ ಅಲ್ಲಿಯದೇ. ಈ ಸೀಮೆಯ ಜಂಬಿಟ್ಟಿಗೆ ಕಲ್ಲನ್ನು ಕಾಣದವರಿಲ್ಲ. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನು ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ನೋಡಿ, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಮಾತಿನಿಂದ ಅದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನಿಟ್ಟನು. ಲಕ್ಷಾಂತರ ವರ್ಷಗಳ ಮಳೆಯು ಕಲ್ಲಿನೊಳಗಿನ ಕರಗುವ ವಸ್ತುಗಳನ್ನೆಲ್ಲ ತೊಳೆದುಕೊಂಡು ಹೋಗಿ, ಕಬ್ಬಿಣದ ತುಕ್ಕನ್ನೂ ಅಲ್ಯುಮಿನಿಯಮ್ಮಿನ ಅಂಶವನ್ನೂ ಹಿಂದೆ ಉಳಿಸಿದುದರಿಂದ ಈ ಕೆಂಪು ಬಂದಿತು. ಓಕರ್ ಸಹ ಕಬ್ಬಿಣದ ತುಕ್ಕೇ. ಅದರಲ್ಲಿ ನೀರಿನಂಶ ಸೇರಿರುವುದರಿಂದ ಹಳದಿಯಾಗಿರುವುದು. ಸುಟ್ಟು ಆ ನೀರನ್ನು ಓಡಿಸಿದರೆ ಕೆಂಪಾಗುವುದು. ಸುಟ್ಟ ಸಿಯೆನ್ನಾ ಎಂಬ ಹೆಸರಿನ ಗುಟ್ಟು ಇಷ್ಟೆ. ಸಿಯೆನ್ನಾ ಇಟಲಿಯ ಒಂದು ಊರು.

ಈ ಕೆಂಪಿನ ಪರಿಚಯ ನನಗೆ ಚೆನ್ನಾಗಿ ಆದುದು ನಿಟ್ಟೂರಿನ ಸಮೀಪದ ಒಂದು ದೀವರ ಮನೆಯಲ್ಲಿ. ಸಾಗರ, ಸೊರಬ, ಹೊಸನಗರದ ದೀವರಲ್ಲಿ ಹಸೆ ಚಿತ್ತಾರವೆಂಬ ಕಲೆಯುಂಟು. ಮದುವೆಯಲ್ಲಿ ವಧೂವರರು ಕುಳಿತುಕೊಳ್ಳುವ ಹಸೆಯ ಹಿಂದಿನ ಗೋಡೆಗೆ ಕೆಮ್ಮಣ್ಣನ್ನು ಬಳಿದು, ಅದರ ಮೇಲೆ ಅಕ್ಕಿಯ ಹಿಟ್ಟಿನ ಬಿಳಿಯಿಂದ ಎಳೆಯೆಳೆಯಾಗಿ ಚಿತ್ತಾರವನ್ನು ಹೆಂಗಸರು ಬರೆಯುವರು. ಕುಂಚವೆಂದರೆ ಪುಂಡಿಯ ನಾರು. ಕಪ್ಪು ಬೇಕಾದರೆ ಅಕ್ಕಿಯನ್ನು ಕರಿಯಾಗುವವರೆಗೆ ಹುರಿದು ಅರೆಯುವರು. ಹಳದಿ ಗುರುಗಿಯ ಬೀಜದಿಂದ. ಈ ನಾಲ್ಕರ ಹೊರತು ಐದನೆಯ ಬಣ್ಣವಿಲ್ಲ, ನೀಲಿಯಿಲ್ಲ, ಹಸುರಿಲ್ಲ. ಸುತ್ತ ಎಲ್ಲಿ ನೋಡಿದರಲ್ಲಿ ಹಸುರೇ ಇರುವಾಗ ಮನೆಯ ಗೋಡೆಯ ಮೇಲೆಯೂ ಅದೇಕೆಂದು ಬಿಟ್ಟರೋ ಏನೋ! ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಚರಗವನ್ನು ಒಯ್ಯುವ ಬುಟ್ಟಿಗೂ ಇದೇ ಅಲಂಕಾರ.

ನಾನು ಹೋದ ಮನೆಯ ಗೋಡೆಯ ಮೇಲೆ ಹಿಂದಿನ ಮದುವೆಯ ಹಸೆ ಇನ್ನೂ ಉಳಿದಿತ್ತು. ದೀಪಾವಳಿಯ ನಂತರ ಆ ಗೋಡೆಯನ್ನು ಕೆಡವಿ ಸಿಮೆಂಟಿನ ಗೋಡೆ ಎಬ್ಬಿಸುವುದೆಂದು ಮನೆಯವರು ನಿಶ್ಚಯಿಸಿದ್ದರು. ಮಣ್ಣಿನ ಗೋಡೆಗೆ ಗೆದ್ದಲು ಹತ್ತಿತ್ತು, ಮಳೆಗಾಲದಲ್ಲಿ ಒಂದು ಮೂಲೆ ಕುಸಿದಿತ್ತು. ಅವರನ್ನು ಆಕ್ಷೇಪಿಸಲು ಯಾರಿಗೂ ಹಕ್ಕಿಲ್ಲ. ಅದನ್ನು ಬರೆದಿದ್ದ ವೃದ್ಧೆಯ ಕೈ ಈಗ ನಡುಗುತ್ತಿತ್ತು. ಸೊಸೆಯಂದಿರು ಕೆಲಸದ ಮೇಲೆ ಬೇರೆ ಬೇರೆ ಊರುಗಳಲ್ಲಿದ್ದರು. ಹಾಗಾಗಿ ಆ ಚಿತ್ತಾರವನ್ನು ಅಳತೆಗೆ ಸರಿಯಾಗಿ ಕಾಗದದ ಮೇಲೆ ತೆಗೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತು.

ನನ್ನ ಪೆಟ್ಟಿಗೆಯ ಕೆಂಪುಗಳನ್ನು ಒಂದೊಂದಾಗಿ ಕಾಗದದ ಚೂರಿಗೆ ಹಚ್ಚಿ ಗೋಡೆಯ ಪಕ್ಕಕ್ಕೆ ಹಿಡಿದು ನೋಡಿದೆವು. ಒಂದು ಇಟ್ಟಿಗೆಯ ಹಾಗಿತ್ತು, ಒಂದು ಕುಂಕುಮದ ಹಾಗೆ. ಅಜ್ಜಿಯು ಒಳಗಿನಿಂದ ಒಂದು ಮಡಕೆಯಲ್ಲಿ ಕೆಮ್ಮಣ್ಣಿನ ಉಂಡೆಗಳನ್ನು ತಂದಿಟ್ಟಳು. ಅದನ್ನು ನೀರುಬಣ್ಣಕ್ಕೆ ಹದಗೊಳಿಸಿದ ರೀತಿಯನ್ನು ಇಲ್ಲಿ ಬರೆಯುವೆನು. ರಜೆಯಲ್ಲಿ ಮಕ್ಕಳು ಇದನ್ನು ಮಾಡಬಹುದು. ಮಣ್ಣನ್ನು ಪುಡಿಮಾಡಿ ತುಂಬ ನೀರಿನಲ್ಲಿ ಕದಡಬೇಕು. ಮರಳು ತಳಕ್ಕೆ ಕೂತೊಡನೆ ಮೇಲಿನ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಸಿದು, ರಾತ್ರಿಯೆಲ್ಲ ಬಿಟ್ಟರೆ ಬೆಣ್ಣೆಯಂತಹ ನುಣ್ಣನೆಯ ಮಣ್ಣು ಅಡಿಯಲ್ಲಿ ನಿಲ್ಲುವುದು. ಇದನ್ನೇ ಎರಡು ಮೂರು ಸಲ ಮಾಡಿ ಒಣಗಿಸಬೇಕು. ಒಂದು ಪಾಲು ಅರಬ್ಬಿ ಗೋಂದನ್ನು ಎರಡು ಪಾಲು ಬಿಸಿನೀರಿನಲ್ಲಿ ಕರಗಿಸಿ, ಬಣ್ಣ ಒಣಗಿ ಬಿರುಕು ಬಿಡದಂತೆ ಕೆಲವು ಹನಿ ಜೇನನ್ನೂ, ಬೂಸಲು ಬಾರದಂತೆ ಒಂದು ಹನಿ ಲವಂಗದ ಎಣ್ಣೆಯನ್ನೂ ಹಾಕಿ, ಈ ನೀರಿನಲ್ಲಿ ಮಣ್ಣನ್ನು ಗಾಜಿನ ಮೇಲೆ ಅರೆಯುವುದು. ಬೆರಳಿಗೆ ತರಿ ತಗುಲದಿದ್ದರೆ ಸಿದ್ಧವಾಯಿತು. ಒಣಗಿದಮೇಲೆ ಕೈಗೆ ಅಂಟಿದರೆ ಗೋಂದು ಕಡಮೆಯೆಂದೂ, ಹೊಳೆದರೆ ಹೆಚ್ಚೆಂದೂ ತಿಳಿಯತಕ್ಕದ್ದು. ಕಬ್ಬಿಣದ ಈ ಕೆಂಪು ಬಿಸಿಲಿಗೆ ಮಾಸುವುದಿಲ್ಲ.

ಬಿಳುಪಿನಲ್ಲಿ ಬೇರೊಂದು ತೊಡಕು. ಗೋಡೆಯಲ್ಲಿ ಬಿಳಿಯು ಕೆಂಪಿನ ಮೇಲೆ ಬರುವುದು. ನೀರುಬಣ್ಣದಲ್ಲಿ ಬಿಳಿಯೆಂದರೆ ಕಾಗದವೇ, ಅದನ್ನು ಉಳಿಸಿಕೊಳ್ಳಬೇಕು. ಅಜ್ಜಿಯು ಎಳೆದ ಒಂದೊಂದು ಗೆರೆಯನ್ನೂ ನಾನು ಎಳೆಯದೆ, ಅದರ ಎರಡು ಬದಿಗಳಲ್ಲಿ ಕೆಂಪನ್ನು ತುಂಬುತ್ತ ಹೋಗಬೇಕಾಯಿತು. ಹನ್ನೊಂದು ದಿನ ಹಿಡಿಯಿತು. ಗಾಳಿಯಲ್ಲಿ ತೇವ ಇದ್ದುದರಿಂದ ಕಾಗದ ಒಣಗುತ್ತಲೇ ಇರಲಿಲ್ಲ. ಒದ್ದೆಯಲ್ಲಿ ಗಾಢವಾಗಿ ಕಂಡ ಬಣ್ಣ ಒಣಗಿದಮೇಲೆ ತೆಳುವಾಗುವುದಾದ್ದರಿಂದ, ಒಲೆಯ ಬದಿಯಲ್ಲಿ ಹಿಡಿದು ಒಣಗಿಸಿ ನೋಡಿದ ಹೊರತು ಮುಂದುವರಿಯುವ ಹಾಗಿಲ್ಲ. ತೇವದಿಂದ ಉಪಯೋಗವೂ ಉಂಟೆನ್ನಿ. ಮೈಸೂರಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತ ಕೆ. ವೆಂಕಟಪ್ಪನವರು (1886-1965) ಊಟಿಯ ಬೆಟ್ಟಗಳನ್ನು ನೀರುಬಣ್ಣದಲ್ಲಿ ಬರೆದಿರುವರು. ಮಂಜಿನ ನಾಡನ್ನು ಚಿತ್ರಿಸಬೇಕೆನ್ನುವವರು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯನ್ನು ಮೊದಲು ನೋಡತಕ್ಕದ್ದು. ಅವನೀಂದ್ರರ ಪದ್ಧತಿಯಲ್ಲಿ ಬಣ್ಣ ಹಚ್ಚಿದ ಕಾಗದವನ್ನು ಮತ್ತೆ ಮತ್ತೆ ನೀರಿನಲ್ಲಿ ತೋಯಿಸಿ ಮೃದುಮಾಡುವರು. ನಿಟ್ಟೂರಿನಲ್ಲಿ ಆ ಶ್ರಮ ಬೇಡ. ಕಾಗದವನ್ನು ಜಗಲಿಯಲ್ಲಿಟ್ಟರೆ ಸಾಕು.

ಕೊನೆಗೆ ಉಳಿದುದು ಹಳದಿ, ಅದರಲ್ಲಿಯೇ ನಿಜವಾದ ಕಷ್ಟ. ಅರಿಶಿನ ಗುರುಗಿಯನ್ನು ಸಸ್ಯಶಾಸ್ತ್ರಜ್ಞರು ಗಾರ್ಸೀನಿಯಾ ಮೊರೆಲ್ಲಾ ಎನ್ನುವರು. ನಮ್ಮ ಅಡುಗೆಮನೆಯ ಉಪ್ಪಾಗೆ, ಮುರುಗಲುಗಳ ಒಡಹುಟ್ಟು. ಪಾಶ್ಚಾತ್ಯ ಚಿತ್ರಕಾರರು ಬಹುಕಾಲ ಹೊಗಳಿದ ಗ್ಯಾಂಬೋಜ್ ಎಂಬ ಹಳದಿಯೂ ಇದೇ ಕುಲದ ಮರಗಳ ಅಂಟು. ಕಾಂಬೋಡಿಯಾದಿಂದ ಹೋಗುತ್ತಿದ್ದುದರಿಂದ ಆ ಹೆಸರು. ಅದಕ್ಕಿಂತ ತಿಳಿಯಾದ ಹಳದಿಯಿಲ್ಲ. ಆದರೆ ಅದು ಬೆಳಕಿಗೆ ಬಾಡುವುದು, ಹೊಟ್ಟೆಗೆ ಹೋದರೆ ಉಗ್ರವಾದ ಭೇದಿ. ಈಗ ಆ ಹೆಸರಿನಲ್ಲಿ ಮಾರುವುದು ಬಹುಮಟ್ಟಿಗೆ ಕೃತಕವಾದ, ಬಾಡದ ಹಳದಿಗಳು.

ಮನೆಯ ಹಿಂದಿನ ಗುರುಗಿಯ ಮರವನ್ನು ಹಿಂದೆಯೇ ಕಡಿದಿದ್ದರು. ಅಜ್ಜಿಯ ಡಬ್ಬಿಯಲ್ಲಿ ಒಂದು ಹಿಡಿ ಬೀಜಗಳು ಮಾತ್ರ ಇದ್ದುವು. ಅವುಗಳಿಂದ ಬರೆದರೆ ಬಣ್ಣ ಗೋಡೆಯದೇ ಆಗುವುದು, ಆದರೆ ಕಾಲಕ್ರಮದಲ್ಲಿ ಮಾಸುವುದು. ಕೊಳವೆಯ ಹಳದಿ ಉಳಿಯುವುದು, ಆದರೆ ಅದು ಗುರುಗಿಯಲ್ಲ. ಮಾಸಿದರೇನು, ಇನ್ನೊಂದು ಮದುವೆಗೆ ಇನ್ನೊಂದು ಸಲ ಬರೆದರಾಯಿತು ಎಂದು ಅಜ್ಜಿಯ ಮತ. ಗೋಡೆಯ ವಿಷಯಕ್ಕೆ ಅದು ಪೂರ್ತಿ ಸರಿ. ಈ ಗೋಡೆಗೆ ಇನ್ನೊಂದು ಸಲವೆಂಬುದು ಇರಲಿಲ್ಲ. ನಾನು ಚಿತ್ತಾರವನ್ನು ಬಾಡದ ಹಳದಿಯಿಂದಲೇ ಮುಗಿಸಿ, ಕಾಗದದ ಅಂಚಿನಲ್ಲಿ ಗುರುಗಿಯಿಂದ ಒಂದು ಅಂಗುಲದ ಚೌಕವನ್ನು ಹಚ್ಚಿ, ಬೆಳಕು ತಾಕದಂತೆ ಅದರ ಮೇಲೆ ಕಾಗದದ ಒಂದು ಮುಚ್ಚಳವನ್ನು ಅಂಟಿಸಿದೆನು. ಯಾರಾದರೂ ಎತ್ತಿ ನೋಡಿದರೆ ಗೋಡೆಯ ಹಳದಿ ಯಾವುದೆಂಬುದು ಗೊತ್ತಾಗುವುದು.

ಹುಣ್ಣಿಮೆಗೆ ಎರಡು ದಿನ ಮುಂಚೆ ಅಜ್ಜಿಯು ಮೊಮ್ಮಗಳನ್ನು ಕೂರಿಸಿಕೊಂಡು ಬುಟ್ಟಿಗೆ ಎಳೆ ಹಾಕಿಸಿದಳು. ಹುಡುಗಿಯ ಎಳೆಗಳು ದಪ್ಪವಾಗಿದ್ದುವು, ಅಲ್ಲಲ್ಲಿ ಒಂದಕ್ಕೊಂದು ತಾಗಿದ್ದುವು. ಅಜ್ಜಿಯು ನಾರನ್ನು ಕತ್ತರಿಸಿ ಸಣ್ಣಮಾಡಿಕೊಟ್ಟಳು. ಉಳಿದ ಬೀಜಗಳಲ್ಲಿ ಅರ್ಧ ಆ ಬುಟ್ಟಿಗೆ ಹೋದುವು. ಮಿಕ್ಕ ಅರ್ಧವನ್ನು ಡಬ್ಬಿಗೆ ಹಾಕಿ, ಗೋಡೆ ಕೆಡವುವಾಗ ಕಳೆದುಹೋಗದಿರಲೆಂದು ಅಟ್ಟದ ಮೇಲೆ ಇರಿಸಿದರು.