ಉಸಿರು ನಿಂತ ಗಳಿಗೆ

ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ ಎಂದು ಪಂಚಪ್ರಾಣಗಳನ್ನು ಪಾಠಶಾಲೆಯ ಜಗಲಿಯಲ್ಲಿ ಕುಳಿತು ಕಂಠಸ್ಥ ಮಾಡಿದವನು ನಾನು. ಅವುಗಳ ಸ್ಥಾನವಾವುದು, ಕಾರ್ಯವಾವುದು ಎಂಬುದನ್ನು ಮಕ್ಕಳಿಗೆ ಹೇಳಿಕೊಡುತ್ತಲೂ ಇದ್ದೆನು. ಆದರೆ 1991ನೆಯ ಇಸವಿಯ ಬೇಸಗೆಯಲ್ಲೊಂದು ದಿನ, ನಮ್ಮೂರ ಕಲ್ಯಾಣಿಯ ಮೆಟ್ಟಿಲ ಮೇಲೆ ನನ್ನದೇ ತರಗತಿಯ ಬಾಲಕನೊಬ್ಬನನ್ನು ನೀರಿನಿಂದೆತ್ತಿ ಮಲಗಿಸಿದಾಗ, ಆ ಐದರಲ್ಲಿ ಒಂದನ್ನಾದರೂ ಹಿಂದಕ್ಕೆ ಕರೆತರುವ ಬಗೆ ನನಗೆ ತಿಳಿದಿರಲಿಲ್ಲ.

ನೆರೆದವರು ತಮಗೆ ತೋಚಿದುದನ್ನು ಮಾಡಿದರು. ಒಬ್ಬನು ಹುಡುಗನ ಕಾಲುಗಳನ್ನು ಹಿಡಿದು ತಲೆಕೆಳಗಾಗಿ ತಿರುಗಿಸಿದನು; ಮತ್ತೊಬ್ಬನು ಬೋರಲು ಮಲಗಿಸಿ, ನೀರನ್ನು ಕಕ್ಕಿಸಬೇಕೆಂದು ಬೆನ್ನನ್ನೊತ್ತಿದನು. ಯಾರಲ್ಲಿಯೂ ಅನಾದರವಿರಲಿಲ್ಲ. ನಾನೋ, “ಗಾಳಿ ಬಿಡಿ, ಗಾಳಿ ಬಿಡಿ” ಎಂದು ಕೂಗುತ್ತ ನಿಂತಿದ್ದೆನು. ಗಾಳಿಯು ಹೊರಗೆ ಬೇಕಾದಷ್ಟಿತ್ತು. ಅದನ್ನು ಅವನ ಒಳಗೆ ಕಳುಹಿಸುವವರಿರಲಿಲ್ಲ. ಬಾಡಿಗೆಯ ಕಾರು ದೊರೆತು ಆಸ್ಪತ್ರೆಯನ್ನು ಮುಟ್ಟುವ ವೇಳೆಗೆ ಮುಕ್ಕಾಲು ಗಂಟೆ ಕಳೆದಿತ್ತು.

ನಾನು ನಿವೃತ್ತನಾಗಿ ಕೆಲವು ವರ್ಷಗಳಾದ ಮೇಲೆ, ಕಳೆದ ವರುಷ, ನಮ್ಮ ಶಾಲೆಯ ಸಭಾಂಗಣದಲ್ಲಿ ಪ್ರಥಮ ಚಿಕಿತ್ಸೆಯ ಶಿಬಿರವೊಂದು ನಡೆಯಿತು. ಹೇಳಿಕೊಡಲು ಬಂದ ದಾದಿಯು ನನ್ನ ಹಳೆಯ ಶಿಷ್ಯನೊಬ್ಬನ ಮಗಳು. ಮುಳುಗಿದವನ ಹೊಟ್ಟೆಯ ನೀರನ್ನು ತೆಗೆಯಲು ಹೋಗುವುದು ಕಾಲವ್ಯಯ, ಹೊರಬಂದುದು ಉಸಿರಿನ ನಾಳವನ್ನು ಹೊಕ್ಕರೆ ಅಪಾಯವೂ ಉಂಟು ಎಂದು ಅವಳು ಮೊದಲಿಗೇ ಹೇಳಿದಳು. ಉಸಿರು, ರಕ್ತಸಂಚಾರಗಳು ನಿಂತ ನಾಲ್ಕೈದು ನಿಮಿಷಗಳಲ್ಲಿಯೇ ಮಿದುಳಿಗೆ ಹಾನಿ ತೊಡಗುವುದಂತೆ. ನನ್ನ ಮನಸ್ಸು ಆ ಮುಕ್ಕಾಲು ಗಂಟೆಯನ್ನು ಲೆಕ್ಕ ಹಾಕುತ್ತಿತ್ತು.

ಅವಳು ಕಲಿಸಿದ ಕ್ರಮವಿದು. ಬಿದ್ದವನನ್ನು ತಟ್ಟಿ ಕೂಗಬೇಕು. ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಒಬ್ಬರಿಂದ 108ಕ್ಕೆ ದೂರವಾಣಿ ಮಾಡಿಸಿ, ಗಟ್ಟಿನೆಲದ ಮೇಲೆ ಅಂಗಾತ ಮಲಗಿಸಬೇಕು. ಎದೆಯ ನಡುವಣ ಎಲುಬಿನ ಮೇಲೆ ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯನ್ನಿರಿಸಿ, ಮೊಣಕೈ ಬಾಗಿಸದೆ, ದೊಡ್ಡವರಿಗಾದರೆ 5 ಸೆಂಟಿಮೀಟರಿಗೆ ಕಡಮೆಯಾಗದಂತೆ, 6ನ್ನು ಮೀರದಂತೆ ಒತ್ತಬೇಕು. ಪ್ರತಿಸಲವೂ ಎದೆ ಪೂರ್ತಿಯಾಗಿ ಮೇಲೇಳಲು ಬಿಡಬೇಕು. 30 ಸಲ ಒತ್ತಿದ ಮೇಲೆ ತಲೆಯನ್ನು ಹಿಂದಕ್ಕೆ ಬಾಗಿಸಿ, ಗದ್ದವನ್ನೆತ್ತಿ, ಮೂಗನ್ನು ಮುಚ್ಚಿ, ಬಾಯಿಗೆ ಬಾಯಿಟ್ಟು ಎರಡು ಸಲ ಊದಬೇಕು. ನೀರಿನಲ್ಲಿ ಮುಳುಗಿದವನಿಗಾದರೋ, ಊದುವುದೇ ಮೊದಲು. ನೆರವು ಬರುವ ತನಕ ಇದನ್ನು ನಿಲ್ಲಿಸುವಂತಿಲ್ಲ.

ಆಗೊಮ್ಮೆ ಈಗೊಮ್ಮೆ ಬಾಯ್ಬಿಟ್ಟು ಎಳೆಯುವ ಏದುಸಿರನ್ನು ಉಸಿರಾಟವೆಂದು ಭ್ರಮಿಸಬಾರದಂತೆ. ನಮ್ಮ ಮನೆಗಳಲ್ಲಿ ಅದನ್ನು ಕಂಡೊಡನೆ ತುಳಸೀತೀರ್ಥಕ್ಕೆ ಓಡುತ್ತೇವಷ್ಟೆ! ಎಚ್ಚರ ತಪ್ಪಿದವನ ಬಾಯಿಗೆ ಒಂದು ಹನಿ ನೀರನ್ನೂ ಹಾಕಕೂಡದೆಂಬುದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಷ್ಟವೇ ಆಯಿತು.

ಈ ವಿದ್ಯೆಯೂ ಬಹಳ ಹಳೆಯದೇನಲ್ಲ. ಮುಳುಗಿದವರನ್ನು ಅಂಗಾತ ಮಲಗಿಸಿ ತೋಳುಗಳನ್ನು ತಲೆಯ ಮೇಲಕ್ಕೆತ್ತಿ, ಮತ್ತೆ ಎದೆಗೆ ತಂದೊತ್ತುವ ಸಿಲ್ವೆಸ್ಟರ್ ವಿಧಾನವು 1858ರದು. ಎದೆಯನ್ನೊತ್ತಿ ರಕ್ತವನ್ನು ಹರಿಸಬಹುದೆಂಬುದನ್ನು ಅಮೆರಿಕದ ಬಾಲ್ಟಿಮೋರಿನಲ್ಲಿ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು ಪ್ರಕಟಿಸಿದುದು 1960ರಲ್ಲಿ. ಅವರಲ್ಲಿ ಮೊದಲಿನವನು ವೈದ್ಯನೂ ಅಲ್ಲ, ವಿದ್ಯುತ್ತಿನ ಇಂಜಿನಿಯರು.

ಬೊಂಬೆಯ ಮೇಲೆ ಅಭ್ಯಾಸ ಮಾಡುವಾಗ ನನ್ನ ಎಣಿಕೆ ಹದಿನೆಂಟಕ್ಕೋ ಇಪ್ಪತ್ತಕ್ಕೋ ತಪ್ಪುತ್ತಿತ್ತು. ವೇಗವು ನಿಮಿಷಕ್ಕೆ 100ರಿಂದ 120 ಇರಬೇಕು. ಆಗ ಅನುಷ್ಟುಪ್ಪು ನೆನಪಾಯಿತು. ಪಾದಕ್ಕೆ 8ರಂತೆ ನಾಲ್ಕು ಪಾದಕ್ಕೆ 32 ಅಕ್ಷರ. ಅಕ್ಷರಕ್ಕೊಂದರಂತೆ ಒತ್ತುತ್ತ ಹೋಗಿ, ಕಡೆಯ ಎರಡಕ್ಷರಗಳ ಎಡೆಯಲ್ಲಿ ಉಸಿರೂದಿದರೆ ಲೆಕ್ಕ ಸರಿಹೋಯಿತು. ಗುರುಲಘುಗಳ ಭೇದವನ್ನು ಮಾತ್ರ ಕೈಬಿಡಬೇಕು. ನಮ್ಮ ಗುರುಗಳಿದ್ದಿದ್ದರೆ ಛಂದಸ್ಸಿಗೆ ಅಪಚಾರವೆಂದು ಗದರಿಸುತ್ತಿದ್ದರೇನೋ! ಮೂರು ಶ್ಲೋಕಗಳಾಗುವಷ್ಟರಲ್ಲಿ ನನ್ನ ತೋಳುಗಳು ನಡುಗತೊಡಗಿದುವು. ಎರಡು ನಿಮಿಷಕ್ಕೊಮ್ಮೆ ಇನ್ನೊಬ್ಬರಿಗೆ ಬಿಟ್ಟುಕೊಡಬೇಕೆಂದು ದಾದಿಯು ಹೇಳಿದಳು.

ಎಲ್ಲರದೂ ಮುಗಿದ ಮೇಲೆ ಹಿಂದಿನ ಸಾಲಿನಿಂದ ವೃದ್ಧರೊಬ್ಬರು ಎದ್ದು ಬಂದರು. ಕಲ್ಯಾಣಿಯಲ್ಲಿ ತೀರಿಕೊಂಡ ಆ ಹುಡುಗನ ತಂದೆ. “ಅವತ್ತು ಇದು ಗೊತ್ತಿದ್ದಿದ್ರೆ ಮಗು ಉಳೀತಿತ್ತಾ ಮೇಷ್ಟ್ರೇ?” ಎಂದು ಕೇಳಿದರು. ನಾನು ದಾದಿಯ ಮುಖವನ್ನು ನೋಡಿದೆನು.

“ಎಷ್ಟು ಹೊತ್ತು ನೀರೊಳಗಿದ್ದ ಅನ್ನೋದರ ಮೇಲಿದೆ ಅಜ್ಜಾ. ಈಗ ಹೇಳೋಕಾಗಲ್ಲ” ಎಂದಳು.

ಅವರು ತಲೆಯಾಡಿಸಿ, ಪಂಚೆಯನ್ನು ಮೇಲಕ್ಕೆ ಕಟ್ಟಿ, ಬೊಂಬೆಯ ಪಕ್ಕದಲ್ಲಿ ಮೊಣಕಾಲೂರಿದರು. ಎಣಿಸಿರೆಂದು ನನಗೆ ಹೇಳಿದರು. ನಾನು ಎಣಿಸಿದೆನು.