ಚಿಕ್ಕಬಾಣಾವರದ ತಾರಸಿಯಲ್ಲಿ ವಿಶ್ವಕಪ್ ಫೈನಲ್

2022ರ ಡಿಸೆಂಬರ್ 18, ಭಾನುವಾರ. ಇನ್ನೂ ಎಂಟು ಗಂಟೆಯಾಗಿಲ್ಲ, ಚಳಿ ಆಗಲೇ ಇಳಿದಿದೆ. ಚಿಕ್ಕಬಾಣಾವರ ರೈಲು ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ ಅಡ್ಡರಸ್ತೆಯಲ್ಲಿ ಪಿಜಿ ಕಟ್ಟಡಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿವೆ. ಸೋಲದೇವನಹಳ್ಳಿ ಕಡೆಯ ಕಾಲೇಜುಗಳಲ್ಲಿ ಓದುವ ಕೇರಳದ, ಮಣಿಪುರದ, ಬಂಗಾಳದ, ಆಫ್ರಿಕಾದ ಹುಡುಗರೂ ಪೀಣ್ಯದ ಕಾರ್ಖಾನೆಗಳಲ್ಲಿ ಶಿಫ್ಟ್ ಮಾಡುವ ಉತ್ತರ ಕರ್ನಾಟಕದ ಹುಡುಗರೂ ಇಲ್ಲಿ ಒಂದೇ ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಇವತ್ತು ಎಲ್ಲರೂ ಹತ್ತುತ್ತಿದ್ದಾರೆ. ನಾಲ್ಕನೇ ಮಹಡಿಯ ಮೇಲಿನ ತಾರಸಿಗೆ.

ತಾರಸಿಯಲ್ಲಿ ಬಟ್ಟೆ ಒಣಹಾಕುವ ತಂತಿಗೆ ಬಿಳಿ ಬೆಡ್‌ಶೀಟ್ ಬಿಗಿದಿದ್ದಾರೆ. ಗಾಳಿಗೆ ಹಾರದಿರಲೆಂದು ಕೆಳಗಿನ ಅಂಚಿಗೆ ಇಟ್ಟಿಗೆ ಹೇರಿದ್ದಾರೆ. ಪ್ರೊಜೆಕ್ಟರ್ ಬಾಡಿಗೆಯದು, ಇಂಟರ್‌ನೆಟ್ ಒಬ್ಬ ವಿದ್ಯಾರ್ಥಿಯ ಮೊಬೈಲಿನದು. ಸಿಂಟೆಕ್ಸ್ ಟ್ಯಾಂಕಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಎದುರು ಮನೆಯ ಹಿರಿಯರೊಬ್ಬರು ಮಂಕಿ ಟೋಪಿಯಲ್ಲಿ ಕೂತಿದ್ದಾರೆ. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಹುಡುಗರಿಗೆಲ್ಲ ಅವರು 'ಅಂಕಲ್', ನನಗೆ 'ಸಾರ್'.

ಎಂಟೂವರೆಗೆ ಕತಾರಿನ ಲುಸೈಲ್ ಕ್ರೀಡಾಂಗಣದಲ್ಲಿ ಸೀಟಿ ಊದುತ್ತದೆ. ಅರ್ಜೆಂಟೀನಾ, ಫ್ರಾನ್ಸ್. ಅಷ್ಟರಲ್ಲಿ ತಾರಸಿಯಲ್ಲಿ ಇನ್ನೊಂದು ಪೈಪೋಟಿ ಶುರುವಾಗಿದೆ: ಯಾವ ಭಾಷೆಯ ಕಾಮೆಂಟರಿ ಹಾಕುವುದು? ಆ್ಯಪ್‌ನಲ್ಲಿ ಇಂಗ್ಲಿಷ್ ಇದೆ, ಹಿಂದಿ ಇದೆ, ತಮಿಳು ಇದೆ, ಬಂಗಾಳಿ ಇದೆ, ಮಲಯಾಳಂ ಇದೆ. ಕೇರಳದ ಹುಡುಗರೇ ಹೆಚ್ಚಿರುವುದರಿಂದ ಮಲಯಾಳಂ ಗೆಲ್ಲುತ್ತದೆ. ಪಟ್ಟಿಯಲ್ಲಿ ಕನ್ನಡ ಇದ್ದಿದ್ದರೆ ನಾನೂ ಕೈ ಎತ್ತುತ್ತಿದ್ದೆ. ಇಲ್ಲ.

ಆದರೆ ಆ ಮಲಯಾಳಂ ದನಿ ಕೇಳಿ! ಚೆಂಡು ಮಧ್ಯಗೆರೆಯ ಹತ್ತಿರ ಸುಮ್ಮನೆ ಕಾಲಿಂದ ಕಾಲಿಗೆ ಹೋಗುವಾಗ ಮಾತು ನಿಧಾನ, ಮನೆಯ ಜಗಲಿಯ ಮೇಲಿನ ಹರಟೆಯ ಹಾಗೆ. ಎಡಬದಿಯಲ್ಲಿ ಡಿ ಮಾರಿಯಾ ಚೆಂಡು ಹಿಡಿದ ಕೂಡಲೇ ಅದೇ ದನಿ ಏರತೊಡಗುತ್ತದೆ. ಅರ್ಥವಾಗದ ನನ್ನ ಎದೆಯೂ ಅದರ ಜೊತೆ ಏರುತ್ತದೆ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪಂದ್ಯಗಳಲ್ಲಿ ಮಲಯಾಳಂ ಕಾಮೆಂಟರಿಯ ಶೈಜು ದಾಮೋದರನ್ ಅವರ ಕೂಗು ಕೇಳುತ್ತ ದೊಡ್ಡವರಾದ ಹುಡುಗರು ಇವರು. ಕೋಯಿಕ್ಕೋಡಿನ ಪುಳ್ಳಾವೂರಿನ ಹೊಳೆಯಲ್ಲಿ ಮೆಸ್ಸಿ, ನೇಮಾರ್, ರೊನಾಲ್ಡೊ ಕಟೌಟ್‌ಗಳು ಎದ್ದು ನಿಂತು ಫಿಫಾದ ಗಮನ ಸೆಳೆದದ್ದು ಹೋದ ತಿಂಗಳಷ್ಟೇ. ಆಟ ಅವರಿಗೆ ತಾಯಿಯ ಮಾತಲ್ಲಿ ಬಂದಿದೆ, ಹಾಗಾಗಿ ಮನೆಯದಾಗಿದೆ.

ಇದ್ದಕ್ಕಿದ್ದಂತೆ ಎದುರಿನ ಕಟ್ಟಡದಿಂದ ಭೋರೆಂದು ಕೂಗು. ನಮ್ಮ ಪರದೆಯಲ್ಲಿ ಡಿ ಮಾರಿಯಾ ಇನ್ನೂ ಓಡುತ್ತಿದ್ದಾನೆ. ಅಲ್ಲಿ ಡಿಶ್ ಟಿವಿ, ಇಲ್ಲಿ ಇಂಟರ್‌ನೆಟ್. ಚಿತ್ರ ನಮ್ಮ ಬೆಡ್‌ಶೀಟಿಗೆ ಬಂದು ತಲುಪುವುದು ಅರ್ಧ ನಿಮಿಷದಷ್ಟು ತಡವಾಗಿ. ಏನೋ ಆಗಿದೆ ಎಂದು ಗೊತ್ತು, ಏನೆಂದು ಗೊತ್ತಿಲ್ಲ. ಎಲ್ಲರೂ ಉಸಿರು ಹಿಡಿದು ಕಾಯುತ್ತೇವೆ. ಡೆಂಬೆಲೆ ಹಿಂದಿನಿಂದ ತಗಲುತ್ತಾನೆ, ಡಿ ಮಾರಿಯಾ ಬೀಳುತ್ತಾನೆ, ರೆಫರಿ ಮಾರ್ಚಿನಿಯಾಕ್ ಪೆನಾಲ್ಟಿ ಕೊಡುತ್ತಾರೆ. ಮೆಸ್ಸಿ ಅವಸರವಿಲ್ಲದೆ ಬಂದು ಕೀಪರ್ ಲೊರಿಸ್‌ರನ್ನು ಒಂದು ಕಡೆ ಬೀಳಿಸಿ ಇನ್ನೊಂದು ಕಡೆ ಚೆಂಡು ತಳ್ಳುತ್ತಾನೆ. 23ನೇ ನಿಮಿಷ, 1-0. ತಾರಸಿ ಅದುರುತ್ತದೆ.

36ನೇ ನಿಮಿಷದ ಗೋಲನ್ನು ಮಾತ್ರ ಮತ್ತೆ ಮತ್ತೆ ನೋಡಬೇಕು. ಮಧ್ಯಗೆರೆಯ ಬಳಿ ಮೆಸ್ಸಿಯ ಒಂದು ಸಣ್ಣ ತಿರುವು, ಅಲ್ವಾರೆಸ್‌ನ ಮುಂದೊತ್ತು, ಮ್ಯಾಕ್ ಅಲಿಸ್ಟರ್‌ನ ಓಟ, ಅಡ್ಡಕ್ಕೆ ಒಂದು ಪಾಸ್, ಬರುತ್ತಿದ್ದ ಡಿ ಮಾರಿಯಾನ ಎಡಗಾಲು. ಯಾರೂ ಚೆಂಡನ್ನು ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚು ಇಟ್ಟುಕೊಳ್ಳಲಿಲ್ಲ. ಫುಟ್‌ಬಾಲ್ ಯಾಕೆ ಹಿಡಿಸಿತು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇಂಥ ಗೋಲನ್ನೇ. ಗೋಲು ಹೊಡೆದ ಡಿ ಮಾರಿಯಾ ಅಳುತ್ತಿದ್ದಾನೆ. ಮೆಸ್ಸಿಯ ಹೆಸರಿನ ನೆರಳಲ್ಲಿ ಇಷ್ಟು ವರ್ಷ ಆಡಿದ ಈ ತೆಳ್ಳಗಿನ ಮನುಷ್ಯ ದೊಡ್ಡ ಫೈನಲ್‌ಗಳಲ್ಲಿ ಗೋಲು ಹೊಡೆಯುತ್ತಲೇ ಬಂದವನು. 2008ರ ಒಲಿಂಪಿಕ್ ಫೈನಲ್ ಗೋಲೂ, 2021ರ ಕೋಪಾ ಅಮೆರಿಕ ಫೈನಲ್ ಗೋಲೂ ಅವನದೇ.

ಅರ್ಧ ವಿರಾಮ. ಯಾರೋ ಫ್ಲಾಸ್ಕಿನಲ್ಲಿ ಟೀ ತಂದಿದ್ದಾರೆ. ಸಾರ್ ಲೋಟ ಎರಡೂ ಕೈಯಲ್ಲಿ ಹಿಡಿದು 1986ರ ವಿಶ್ವಕಪ್ಪಿಗೆ ಹೋಗುತ್ತಾರೆ. ಮೆಕ್ಸಿಕೋದಲ್ಲಿ ನಡುಮಧ್ಯಾಹ್ನ, ನಮಗೆ ರಾತ್ರಿ ಹನ್ನೊಂದೂವರೆ. "ದೂರದರ್ಶನದಲ್ಲಿ ನೇರಪ್ರಸಾರ ಅಂದ್ರೆ ಹಬ್ಬ ಕಣ್ರಪ್ಪಾ. ಕ್ವಾರ್ಟರ್ಸಿನಲ್ಲಿ ಟಿವಿ ಇದ್ದವರ ಮನೆ ಬಾಗಿಲು ಹಾಕೋ ಹಾಗೇ ಇರ್ಲಿಲ್ಲ. ಮರಡೋನ ಇಂಗ್ಲೆಂಡ್ ಮೇಲೆ ಓಡಿದ್ದು ನೋಡಿ ಬೆಳಿಗ್ಗೆ ಫಸ್ಟ್ ಶಿಫ್ಟಿಗೆ ಹಾಗೇ ಹೋದ್ವಿ" ಎನ್ನುತ್ತಾರೆ. ಆಗ ಅರ್ಜೆಂಟೀನಾ ಗೆದ್ದದ್ದು, ಆಮೇಲೆ 36 ವರ್ಷ ಗೆದ್ದಿಲ್ಲ.

ಮಲಯಾಳಿ ಹುಡುಗನೊಬ್ಬ ಪ್ರೀತಿಯಿಂದಲೇ ಕೆಣಕುತ್ತಾನೆ: "ಅಂಕಲ್, ನಿಮ್ಮ ಕರ್ನಾಟಕದಲ್ಲಿ ಫುಟ್‌ಬಾಲ್ ಎಲ್ಲಿದೆ?" ಸಾರ್ ಲೋಟ ಕೆಳಗಿಡುತ್ತಾರೆ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. 1948, ಲಂಡನ್, ಎದುರಾಳಿ ಇದೇ ಫ್ರಾನ್ಸ್. 1937ರಲ್ಲೂ 1938ರಲ್ಲೂ ಮುಂಬೈಯ ರೋವರ್ಸ್ ಕಪ್ ಗೆದ್ದುಕೊಂಡು ಬಂದದ್ದು ಬೆಂಗಳೂರು ಮುಸ್ಲಿಮ್ಸ್. ಸಂತೋಷ್ ಟ್ರೋಫಿ ಮೈಸೂರು ರಾಜ್ಯಕ್ಕೆ ನಾಲ್ಕು ಸಲ ಬಂದಿದೆ. ಐಟಿಐ, ಎಚ್‌ಎಎಲ್ ಕಾರ್ಖಾನೆಗಳು ತಂಡ ಕಟ್ಟಿ, ಆಟಗಾರರಿಗೆ ಕೆಲಸ ಕೊಟ್ಟು, ಸಂಜೆ ಮೈದಾನಕ್ಕೆ ಕಳಿಸುತ್ತಿದ್ದ ಕಾಲವನ್ನು ಅವರು ಕಣ್ಣಾರೆ ಕಂಡಿದ್ದಾರೆ. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ಹುಡುಗ ಸುಮ್ಮನೆ ಕೇಳುತ್ತಾನೆ, ಕೊನೆಗೆ "ಇದೆಲ್ಲ ಗೊತ್ತೇ ಇರ್ಲಿಲ್ಲ ಅಂಕಲ್" ಎನ್ನುತ್ತಾನೆ. ಗೊತ್ತಾಗುವುದಾದರೂ ಹೇಗೆ? ಇಂಥ ಮಾತನ್ನು ಪಂದ್ಯದ ನಡುವೆ, ಚೆಂಡು ಹೊರಗೆ ಹೋದ ಬಿಡುವಿನಲ್ಲಿ, ಕಾಮೆಂಟರಿಯವರೇ ಹೇಳಬೇಕು. ಕ್ರಿಕೆಟ್‌ನಲ್ಲಿ ವಿಜಯ್ ಭಾರದ್ವಾಜ್ ಕನ್ನಡದಲ್ಲಿ ಮಾತಾಡುತ್ತ ಹಳೆಯ ರಣಜಿ ಪಂದ್ಯದ ನೆನಪು ತೆಗೆಯುತ್ತಾರಲ್ಲ, ಹಾಗೆ.

ಎರಡನೇ ಅವಧಿಯಲ್ಲಿ ಡಿ ಮಾರಿಯಾ ಹೊರಗೆ ಹೋಗುತ್ತಾನೆ. ಫ್ರಾನ್ಸ್ ಕಾಲೂರುತ್ತಿದೆ. ಅಷ್ಟರಲ್ಲಿ ಬ್ಲೂಟೂತ್ ಸ್ಪೀಕರ್ ಎರಡು ಸಲ ಕೀಂಗುಟ್ಟಿ ನಿಂತುಹೋಗುತ್ತದೆ. ಚಾರ್ಜರ್ ಹುಡುಕಲು ಒಬ್ಬ ಕೆಳಗೆ ಓಡುತ್ತಾನೆ. ತಾರಸಿಯಲ್ಲಿ ಮೌನ, ಬೆಡ್‌ಶೀಟಿನ ಮೇಲೆ ಮೂಕ ಓಟ. ಆಗ ಮೂಲೆಯಿಂದ ಒಂದು ದನಿ ಏಳುತ್ತದೆ. ಪೀಣ್ಯದಲ್ಲಿ ಸಿಎನ್‌ಸಿ ಮಷೀನ್ ನಡೆಸುವ, ಬೆಳಗಾವಿ ಕಡೆಯ ಹುಡುಗ. ಅಲ್ಲಿನ ಮೈದಾನಗಳಲ್ಲಿ ಆಡಿ ಬೆಳೆದವನು.

"ಚೆಂಡ್ ಕೋಲೊ ಮುವಾನಿ ಕಡೆ ಹೋತ್ ನೋಡ್ರಿ... ಒಟಮೆಂಡಿ ಬೆನ್ನ ಹತ್ಯಾನ... ಜಗ್ಗಿದಾ! ಬಿದ್ದಾ! ಪೆನಾಲ್ಟಿ ಐತಿ, ಪೆನಾಲ್ಟಿ!"

ಮೊದಲು ಒಂದಿಬ್ಬರು ನಗುತ್ತಾರೆ. ಆಮೇಲೆ ಯಾರೂ ನಗುವುದಿಲ್ಲ. 80ನೇ ನಿಮಿಷ. "ಎಂಬಾಪೆ ನಿಂತಾನ. ಹೊಡದಾ... ಮಾರ್ಟಿನೆಜ್ ಕೈ ತಾಗೇತಿ, ಆದ್ರೂ ಒಳಗ ಹೋತು! ಇನ್ನಾ ಆಟ ಐತ್ರೀ, ಇನ್ನಾ ಆಟ ಐತಿ!"

ಒಂದೂವರೆ ನಿಮಿಷ ಕಳೆಯುವುದರೊಳಗೆ ಎದುರಿನ ಕಟ್ಟಡ ಮತ್ತೆ ಕೂಗುತ್ತದೆ. ಹುಡುಗ ಕೈಯೆತ್ತಿ, "ಅವರ ಮಾತು ಕೇಳಬ್ಯಾಡ್ರಿ, ಇಲ್ಲಿ ನೋಡ್ರಿ" ಎಂದು ಮುಂದುವರಿಸುತ್ತಾನೆ: "ಮೆಸ್ಸಿ ಕಾಲಾಗಿಂದ ಕಸಗೊಂಡಾ ಕೋಮಾನ್... ಎಂಬಾಪೆ ತಲಿಲೆ ತುರಾಮ್‌ಗ ಕೊಟ್ಟಾ... ತುರಾಮ್ ಎತ್ತಿ ವಾಪಸ್ ಕೊಟ್ಟಾ... ನೆಲಕ್ಕ ಬೀಳಾಕ ಬಿಡಲಿಲ್ಲ, ಗಾಳ್ಯಾಗ ಇದ್ದಂಗ ಹೊಡದ್ಬಿಟ್ಟಾ! ಎರಡಕ್ಕ ಎರಡು!"

ತಾರಸಿಯ ತುಂಬ ಜನ ಎದ್ದು ನಿಂತಿದ್ದಾರೆ. ಚಾರ್ಜರ್ ಬರುತ್ತದೆ. ಮಲಯಾಳಿ ಹುಡುಗನೇ ಅದನ್ನು ಜೇಬಿಗಿಟ್ಟುಕೊಂಡು, "ಅಣ್ಣ ಹೇಳಲಿ, ಚೆನ್ನಾಗಿದೆ" ಎನ್ನುತ್ತಾನೆ. ಭಾಷೆ ಪೂರ್ತಿ ತಿಳಿಯದ ಮಣಿಪುರದ ಹುಡುಗರೂ ತಲೆಯಾಡಿಸುತ್ತಾರೆ. ಮೊದಲ ಅವಧಿಯಲ್ಲಿ ಮಲಯಾಳಂ ನನಗೆ ಮಾಡಿದ್ದನ್ನು ಈಗ ಕನ್ನಡ ಅವರಿಗೆ ಮಾಡುತ್ತಿದೆ.

ಹೆಚ್ಚುವರಿ ಸಮಯ. 108ನೇ ನಿಮಿಷಕ್ಕೆ ಲೌಟಾರೊ ಹೊಡೆದದ್ದನ್ನು ಲೊರಿಸ್ ತಡೆಯುತ್ತಾರೆ, ಮರಳಿ ಬಂದ ಚೆಂಡನ್ನು ಮೆಸ್ಸಿ ಒಳಗೆ ತಳ್ಳುತ್ತಾನೆ, ಕುಂಡೆ ಹೊರಗೆ ಒದೆಯುವಷ್ಟರಲ್ಲಿ ಅದು ಗೆರೆ ದಾಟಿಯಾಗಿದೆ. 3-2. ಮುಗಿಯಿತು ಎಂದುಕೊಳ್ಳುವಾಗ ಮೊಂಟಿಯೆಲ್‌ನ ಕೈಗೆ ಚೆಂಡು ತಾಗುತ್ತದೆ. ಇನ್ನೊಂದು ಪೆನಾಲ್ಟಿ, 118ನೇ ನಿಮಿಷ, 3-3. ವಿಶ್ವಕಪ್ ಫೈನಲ್‌ನಲ್ಲಿ ಮೂರು ಗೋಲು ಹೊಡೆದವನು 1966ರ ಜೆಫ್ ಹರ್ಸ್ಟ್ ಬಿಟ್ಟರೆ ಎಂಬಾಪೆಯೇ. ಇನ್ನೆರಡು ದಿನಕ್ಕೆ ಅವನಿಗೆ 24 ತುಂಬುತ್ತದೆ.

ಕೊನೆಯ ಗಳಿಗೆ. "ಕೋಲೊ ಮುವಾನಿ ಒಬ್ಬನ ಅದಾನ... ಮುಂದ ಕೀಪರ್ ಒಬ್ಬನ..." ಹುಡುಗನ ದನಿ ಬಿರಿಯುತ್ತದೆ. "ಹೊಡದಾ... ಕಾಲ್ ಚಾಚ್ಯಾನ! ಎಡಗಾಲ್ ಚಾಚಿ ತಡದಾನ್ರೀ ಮಾರ್ಟಿನೆಜ್!" ಈ ಒಂದು ಕಾಲು ಇಲ್ಲದಿದ್ದರೆ ಮೆಸ್ಸಿಯ ಕಥೆ ಬೇರೆಯಾಗುತ್ತಿತ್ತು. ಗೋಲು ಹೊಡೆದವರ ಹೆಸರು ಎಲ್ಲರ ಬಾಯಲ್ಲಿರುತ್ತದೆ. ಈ ಪಂದ್ಯದಲ್ಲಿ ನನ್ನ ಮೊದಲ ನಮಸ್ಕಾರ ಕೀಪರಿಗೆ.

ಶೂಟೌಟ್‌ನಲ್ಲಿ ಎಂಬಾಪೆ, ಮೆಸ್ಸಿ ಇಬ್ಬರೂ ಗೋಲು ಹೊಡೆಯುತ್ತಾರೆ. ಕೋಮಾನ್‌ನದನ್ನು ಮಾರ್ಟಿನೆಜ್ ತಡೆಯುತ್ತಾನೆ, ಚುವಾಮೆನಿ ಹೊರಗೆ ಹೊಡೆಯುತ್ತಾನೆ. ಕೊನೆಗೆ ಬರುವವನು ಕೈಗೆ ಚೆಂಡು ತಾಗಿಸಿಕೊಂಡಿದ್ದ ಅದೇ ಮೊಂಟಿಯೆಲ್. ಎದುರಿನ ಕಟ್ಟಡ ಆಗಲೇ ಕುಣಿಯುತ್ತಿದೆ. ನಮ್ಮ ತಾರಸಿ ಕಾಯುತ್ತದೆ, ಬೆಳಗಾವಿಯ ದನಿಗಾಗಿ. "ಓಡಿ ಬಂದಾ... ಹೊಡದಾ... ಗೆದ್ರು! ಅರ್ಜೆಂಟೀನಾ ಗೆದ್ರು!" 4-2. ಸಾರ್ ಟೋಪಿ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. ಆಫ್ರಿಕಾದ ಹುಡುಗನೊಬ್ಬ ಕಾಮೆಂಟರಿಯ ಹುಡುಗನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡಿದ್ದಾನೆ.

ಆ ರಾತ್ರಿಯ ನಂತರ ನಡೆದದ್ದನ್ನೂ ಹೇಳಬೇಕು. ಮೂರು ತಿಂಗಳೊಳಗೆ, 2023ರ ಮಾರ್ಚ್ 4ರಂದು, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಅದೇ ವರ್ಷದ ಜುಲೈ 4ರಂದು ಬೆಂಗಳೂರಿನ ಕಂಠೀರವದಲ್ಲಿ, ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್‌ನ ಶೂಟೌಟ್‌ನಲ್ಲಿ ಕುವೈತ್‌ನ ಕೊನೆಯ ಹೊಡೆತವನ್ನು ಭಾರತದ ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ತಡೆದಾಗ ಇಡೀ ಕ್ರೀಡಾಂಗಣ ಎದ್ದು ನಿಂತಿತ್ತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಆಯಿತು, 2019ರಲ್ಲಿ ಐಎಸ್‌ಎಲ್ ಗೆದ್ದಿತು. ಸುನಿಲ್ ಛೆಟ್ರಿ ಈ ಊರನ್ನೇ ತನ್ನದಾಗಿಸಿಕೊಂಡರು. ಇಷ್ಟಿದ್ದೂ 2025ರಲ್ಲಿ ಲೀಗಿನ ವಾಣಿಜ್ಯ ಹಕ್ಕುಗಳ ಒಪ್ಪಂದ ಬಗೆಹರಿಯದೆ ಐಎಸ್‌ಎಲ್ ಸಮಯಕ್ಕೆ ಶುರುವಾಗಲೇ ಇಲ್ಲ, ಕೆಲವು ಕ್ಲಬ್‌ಗಳಲ್ಲಿ ಆಟಗಾರರ ಸಂಬಳವೂ ನಿಂತಿತು. ನೋಡುವ ಜನ ಗಟ್ಟಿಯಾಗಿದ್ದರೆ ಮಾತ್ರ ಆಟ ಇಂಥ ಬಿಕ್ಕಟ್ಟು ದಾಟುತ್ತದೆ. ಜನ ಗಟ್ಟಿಯಾಗುವುದು ಆಟ ಅವರ ಮಾತಿನಲ್ಲಿ ಮನೆಯೊಳಗೆ ಬಂದಾಗ.

ಕನ್ನಡದಲ್ಲಿ ಫುಟ್‌ಬಾಲ್ ನೋಡುವವರು ಕಡಿಮೆ, ಆದ್ದರಿಂದ ಕಾಮೆಂಟರಿ ಬೇಡ ಎಂಬ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಬೆಳಗಾವಿಯಿಂದ ಮಂಗಳೂರಿನವರೆಗೆ ಆಡುವವರಿದ್ದಾರೆ, ಗೌತಮಪುರದಿಂದ ಚಿಕ್ಕಬಾಣಾವರದವರೆಗೆ ನೋಡುವವರಿದ್ದಾರೆ. ಹೇಳುವವರೂ ಇದ್ದಾರೆ ಎಂದು ಆ ತಾರಸಿ ತೋರಿಸಿಕೊಟ್ಟಿದೆ. ಪ್ರಸಾರದ ಹಕ್ಕು ಯಾರ ಕೈಗೇ ಹೋಗಲಿ, ವಿಶ್ವಕಪ್ಪಿಗೂ ನಮ್ಮ ಲೀಗಿಗೂ ಒಂದು ಕನ್ನಡ ದನಿ ಕೊಡಿ. ಹಳೆಯ ಆಟಗಾರರನ್ನು ಕರೆದು ಮೈಕ್ ಮುಂದೆ ಕೂರಿಸಿ. ಬೆಳಗಾವಿಯ ಮಾತೂ ಮಂಗಳೂರಿನ ಮಾತೂ ಬೆಂಗಳೂರಿನ ಮಾತೂ ಅದರಲ್ಲಿ ಕೇಳಲಿ. ಓದುಗರೇ, ನೀವೂ ಕೇಳಿ ಪಡೆಯಿರಿ. ಪಂದ್ಯ ಹಾಕಿದಾಗ ಪಟ್ಟಿಯಲ್ಲಿ ಕನ್ನಡ ಕಂಡರೆ ಅದನ್ನೇ ಒತ್ತಿ. ಕಾಣದಿದ್ದರೆ ಸುಮ್ಮನಿರಬೇಡಿ, ಪ್ರಸಾರ ಮಾಡುವವರಿಗೆ ಬರೆಯಿರಿ.